ನಿಘಂಟಣ್ಣ ಹೇಳಿದ ಕ್ಯಾಂಡಿಯ ಮೂಲ

ಚಳಿಗಾಲ ಆಗಷ್ಟೇ ಕಾಲಿಟ್ಟಿತ್ತು. ಬೆಳಗಿನ ಮೊದಲ ಪಾಕ ಒಲೆಯ ಮೇಲೆ ಗುಳುಗುಳು ಅನ್ನುತ್ತಿರುವಾಗ ತಂಗಿ ಬಂದು ಪಕ್ಕದಲ್ಲಿ ನಿಂತಳು.

"ಅಣ್ಣಾ, ಪಕ್ಕದೂರಿನ ಮಿಠಾಯಿ ಶಾಲೇಲಿ ಕಲಿಸೋಕೆ ಒಬ್ಬರು ಬೇಕಂತೆ. ಅಲ್ಲೇ ಇರಬೇಕು. ಕೈಕೆಲಸಕ್ಕೊಂದು ಪರೀಕ್ಷೆ, ಬಾಯಿಗೊಂದು ಪರೀಕ್ಷೆ. ಇಂಗ್ಲಿಷ್ ಹೆಸರುಗಳ ಅರ್ಥ ಏನು, ಎಲ್ಲಿಂದ ಬಂತು ಅಂತೆಲ್ಲಾ ಕೇಳ್ತಾರಂತೆ. ನನಗೆ ತುಂಬಾ ಆಸೆ ಕಣೋ."

ಅಣ್ಣ ಒಲೆಯ ಉರಿ ತಗ್ಗಿಸಿ ಅವಳ ಕಡೆ ತಿರುಗಿದ. ಆ ಕೋಣೆಯಲ್ಲಿ ಪಾಕ ಕಾಯಿಸುವವನು ಅವನು. ಬಿಸಿ ಆರುವ ಮುಂಚೆ ಅದನ್ನು ಗೋಡೆಯ ಕೊಕ್ಕೆಗೆ ಹಾಕಿ, ಎಳೆದೆಳೆದು ರೇಷ್ಮೆಯ ಹಾಗೆ ಹೊಳೆಯುವಂತೆ ಮಾಡುವವಳು ಅವಳು. ಗಂಡ ತೀರಿಕೊಂಡು ಈ ಮನೆಗೆ ಬಂದಾಗಿನಿಂದ ಕೊಕ್ಕೆ ಅವಳದೇ. ಅವಳು ಹೋದರೆ ಅಂಗಡಿಯ ಭರಣಿಗಳಲ್ಲಿ ಗಾಳಿ ತುಂಬಿಡಬೇಕಷ್ಟೆ. ಆದರೆ ಹೋಗಬೇಡ ಅನ್ನಲು ನಾಲಿಗೆ ಏಳಲಿಲ್ಲ. ಸುಮ್ಮನಿರೋಣವೆಂದರೆ ಅದು ಸುಮ್ಮನಿರುವ ನಾಲಿಗೆಯೂ ಅಲ್ಲ.

"ಅದಕ್ಕೇನಂತೆ, ನಾನಿಲ್ವಾ?" ಅಂದುಬಿಟ್ಟ.

ಅವನು ಓದಿದ್ದು ಎರಡನೇ ಕ್ಲಾಸು. ಅದರಲ್ಲೂ ಹೆಚ್ಚಿನ ಪಾಠ ಬಾಗಿಲ ಹೊರಗೆ ನಿಂತು ಕೇಳಿದ್ದು. ಆದರೂ ಯಾವ ಮಾತು ಸಿಕ್ಕಿದರೂ ಅದರ ಹುಟ್ಟು ಹೇಳುವ ಚಟ. ಬೀದಿಯವರು ನಿಘಂಟಣ್ಣ ಅಂತ ಹೆಸರಿಟ್ಟಿದ್ದರು. ಅದು ಗೇಲಿಯೆಂದು ಅವನಿಗೆ ಚೆನ್ನಾಗಿ ಗೊತ್ತು. ಗೊತ್ತಿದ್ದೂ, ಯಾರಾದರೂ ಹಾಗೆ ಕೂಗಿದರೆ ಅಂಗಿಯ ಕಾಲರ್ ಸರಿಮಾಡಿಕೊಂಡೇ ತಿರುಗುತ್ತಿದ್ದ.

ಪಾಠ ಶುರುವಾಯಿತು.

"ಟಾಫಿ ಅಂದ್ರೆ? ಯಾರೋ ಏನೋ ಮಾಡೋಕೆ ಹೋದ್ರು, ಪಾಕ ಹದ ತಪ್ಪಿ ಗಟ್ಟಿಯಾಯ್ತು. ತಪ್ಪಿ, ತಾಪಿ, ಟಾಫಿ!"

"ಕ್ಯಾರಮೆಲ್?"

"ಸಕ್ಕರೆ ಸೀದ್ರೆ ಕರಿ ಮೇಲೆ ಬರುತ್ತೆ. ಕರಿಮೇಲೆ. ನಾಲಿಗೆ ತಿರುಗದೋರು ಕ್ಯಾರಮೆಲ್ ಅಂದ್ರು."

"ಫಡ್ಜ್?"

ಅಂಗಡಿಯ ಕಡೆಯಿಂದ ಅವನ ಹೆಂಡತಿಯ ದನಿ ಬಂತು. "ಅದನ್ನ ನಾನು ಹೇಳ್ತೀನಿ ಕೇಳು. ನಿಮ್ಮಣ್ಣ ಮಾಡಿದ ಫಡ್ಜ್ ಯಾವತ್ತಾದ್ರೂ ಬರ್ಫಿ ಹಾಗೆ ನೆಟ್ಟಗೆ ಕೂತಿದ್ಯಾ? ಬರೀ ಪಜೀತಿ. ಆ ಪಜೀತೀನೇ ಫಡ್ಜು!"

ತಂಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವನಿಗೆ ಮೊದಲು ಸಿಟ್ಟು ಬಂತು. ಆಮೇಲೆ, ಹೆಂಡತಿ ಹೇಳಿದ್ದು ತನ್ನದಕ್ಕಿಂತ ಚೆನ್ನಾಗಿದೆಯಲ್ಲ ಎಂದು ಹೊಟ್ಟೆಕಿಚ್ಚು ಬಂತು. ವಾರ ಕಳೆಯುವಷ್ಟರಲ್ಲಿ ಗಿರಾಕಿಗಳಿಗೆ ಅದನ್ನು ತನ್ನದೇ ಎಂಬಂತೆ ಹೇಳತೊಡಗಿದ್ದ.

ಪರೀಕ್ಷೆ ಹತ್ತಿರ ಬಂದಾಗ ತಂಗಿ ಮುಖ ಗಂಭೀರ ಮಾಡಿಕೊಂಡು ಬಂದಳು.

"ತಮಾಷೆ ಸಾಕಣ್ಣ. ಎದುರುಮನೆ ಮೇಷ್ಟ್ರು ಹೇಳಿದ್ರು, ಕ್ಯಾಂಡಿ ಅನ್ನೋದು ಸಂಸ್ಕೃತದ ಖಂಡದಿಂದ ಬಂದಿದ್ದಂತೆ. ಸಕ್ಕರೆ ತುಂಡು ಅಂತ. ಪರ್ಷಿಯನ್, ಅರಬ್ಬಿ, ಫ್ರೆಂಚು ಎಲ್ಲಾ ಸುತ್ಕೊಂಡು ಇಂಗ್ಲಿಷಿಗೆ ಹೋಯ್ತಂತೆ. ಶುಗರ್ ಕೂಡ ಶರ್ಕರದಿಂದಾನೇ ಅಂತೆ. ಮೊದಲು ಅದಕ್ಕೆ ಹರಳುಗಲ್ಲು ಅಂತ ಅರ್ಥವಂತೆ."

ಬೀದಿಯಲ್ಲಿ ಇನ್ನೊಬ್ಬ ನಿಘಂಟು ಹುಟ್ಟಿಕೊಂಡಿದ್ದು ಅವನಿಗೆ ಚುರ್ರೆಂದಿತು.

"ಖಂಡವೂ ಇಲ್ಲ ಮಣ್ಣಂಗಟ್ಟಿಯೂ ಇಲ್ಲ. ಇಂಥ ಸುಳ್ಳು ಹೇಳೋಕೆ ನನಗೇ ನಾಚಿಕೆಯಾಗುತ್ತೆ! ಕ್ಯಾಂಡಿ ಬಂದಿದ್ದು ಕ್ಯಾಂಡಲ್‌ನಿಂದ. ಮೇಣದಬತ್ತಿ ತೊಟ್ಟಿಕ್ಕಿ ಗಟ್ಟಿಯಾಗಲ್ವಾ, ಹಾಗೆ."

"ನಿಜ ತಾನೇ?"

"ಈ ಪಾಕದಾಣೆಗೂ."

ಮೇಷ್ಟ್ರು ಹೇಳಿದ್ದೇ ನಿಜವಿರಬಹುದೆಂದು ಒಳಗೊಂದು ಮೂಲೆ ಪಿಸುಗುಟ್ಟಿತು. ಅವನು ಆ ಮೂಲೆಗೆ ಬೀಗ ಹಾಕಿ, ಜೋರಾಗಿ ಸೌಟು ತಿರುಗಿಸಿದ.

ಪರೀಕ್ಷೆಯ ದಿನ ಸಂಜೆ ತಂಗಿ ವಾಪಸು ಬಂದವಳೇ ಚೀಲವನ್ನು ಮೇಜಿನ ಮೇಲೆ ದೊಪ್ಪನೆ ಎಸೆದಳು.

"ಮೊದಲನೇ ಪ್ರಶ್ನೇನೇ ಕ್ಯಾಂಡಿ! ಮೇಣದಬತ್ತಿಯಿಂದ ಅಂದೆ. ದೊಡ್ಡ ಮೇಡಂ ಕನ್ನಡಕ ತೆಗೆದು ಕಣ್ಣೊರೆಸ್ಕೊಂಡು ನಕ್ರು. ಮೇಷ್ಟ್ರು ಹೇಳಿದ್ದೇ ಸರಿ."

"ಟಾಫಿ ಕೇಳಿದ್ರಾ?"

"ಅದರ ಮೂಲ ಖಂಡಿತವಾಗಿ ಯಾರಿಗೂ ಗೊತ್ತಿಲ್ವಂತೆ. ನಿನ್ನ ತಪ್ಪಿ ಹೇಳಿದೆ. ಪಕ್ಕದ ಕೋಣೆಯವರನ್ನೂ ಕರೆದು ಇನ್ನೊಂದ್ಸಲ ಹೇಳಿಸಿದ್ರು."

"ಛೆ, ಛೆ, ಛೆ" ಅಂದ ಅವನು, ಮುಖವನ್ನು ಆದಷ್ಟು ಸಪ್ಪಗೆ ಮಾಡಿಕೊಂಡು.

ಹೆಂಡತಿ ಬಗ್ಗಿ ಮೇಜಿನ ಕೆಳಗೆ ನೋಡಿದಳು. "ಮೇಲೆ ನೋಡಿದ್ರೆ ಅಳು, ಕೆಳಗೆ ನೋಡಿದ್ರೆ ಕುಣಿತ. ಏನ್ರೀ ಇದು?"

ಅವನ ಕಾಲು ತನ್ನ ಪಾಡಿಗೆ ತಾನು ತಾಳ ಹಾಕುತ್ತಿತ್ತು. ಅದರ ಮೇಲೆ ಇನ್ನೊಂದು ಕಾಲಿಟ್ಟು ಅದುಮಿದ. ತಂಗಿಯೂ ನೋಡಿಬಿಟ್ಟಳು.

"ಗೊತ್ತಿದ್ದೂ ಹಾಗೆ ಹೇಳಿಕೊಟ್ಯಾ ಅಣ್ಣಾ?"

"ಗೊತ್ತಿರಲಿಲ್ಲ. ಆದರೆ ಗೊತ್ತಿಲ್ಲ ಅನ್ನೋದು ಗೊತ್ತಿತ್ತು." ಮೇಜಿನ ಮೇಲಿದ್ದ ಚೀಲವನ್ನು ನೆಟ್ಟಗೆ ಇಟ್ಟ. "ನೀನು ಹೋದ್ರೆ ಪಾಕ ಎಳೆಯೋರು ಯಾರು ಅಂತ..."

"ಅದನ್ನೇ ಮೊದಲ ದಿನ ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

ತಂಗಿ ಅವತ್ತು ಊಟಕ್ಕೆ ದೂರ ಕೂತಳು. ಮಾರನೆಯ ದಿನ ಪಾಕ ಎಳೆದಳು, ಆದರೆ ಅವನ ಕಡೆಗೆ ಬೆನ್ನು ಹಾಕಿಕೊಂಡು.

ಶಾಲೆಯಿಂದ ಫೋನ್ ಬಂದಾಗ ಎತ್ತಿಕೊಂಡವನು ಅವನೇ. ಬಾಯಿಪರೀಕ್ಷೆಯಲ್ಲಿ ಸೊನ್ನೆಯಂತೆ. ಕೈಕೆಲಸದಲ್ಲಿ ಅವಳ ಸಮಕ್ಕೆ ಯಾರೂ ಇಲ್ಲವಂತೆ. ಹೆಸರುಗಳನ್ನು ಬೇರೆಯವರು ಕಲಿಸುತ್ತಾರೆ, ಅವಳು ಎಳೆಯುವುದನ್ನು ಕಲಿಸಿದರೆ ಸಾಕಂತೆ. ರಾಂಗ್ ನಂಬರ್ ಅಂದುಬಿಡಲೇ ಎಂದು ಅರೆಗಳಿಗೆ ಯೋಚಿಸಿದ. ಹೆಂಡತಿ ಎದುರಿಗೇ ನಿಂತಿದ್ದಳು. ಇದ್ದದ್ದನ್ನು ಇದ್ದ ಹಾಗೆ ತಂಗಿಗೆ ಹೇಳಿದ.

ತಂಗಿ ಅವನ ಕಡೆ ತಿರುಗಿದಳು. "ಹೋಗ್ಲಾ, ಬೇಡ್ವಾ? ಸುತ್ತಿ ಬಳಸದೆ ಒಂದೇ ಮಾತಲ್ಲಿ ಹೇಳು."

"ಬೇಡ ಅಂತ ಆಸೆ. ಹೋಗು."

"ಅದು ಎರಡು ಮಾತಾಯ್ತು" ಅಂದಳು ಹೆಂಡತಿ.

ಆಮೇಲೆ ತಂಗಿ ಅವನನ್ನು ಕೊಕ್ಕೆಯ ಮುಂದೆ ನಿಲ್ಲಿಸಿದಳು. ಕೈಗೆ ಎಣ್ಣೆ ಹಚ್ಚಿಸಿದಳು. ಮೊದಲ ಎಳೆತಕ್ಕೇ ಪಾಕ ಮೊಣಕೈಗೆ ಅಂಟಿತು, ಎರಡನೆಯದಕ್ಕೆ ಗಡ್ಡಕ್ಕೆ.

"ಅಣ್ಣಾ, ಜಗ್ಗಬೇಡ! ಅದೇನು ಎಮ್ಮೆಯಾ? ತಾನಾಗಿ ಬರುತ್ತೆ, ಕೈ ಕೊಡು ಅಷ್ಟೆ."

ಅವಳು ಹೊರಡುವ ಹೊತ್ತಿಗೆ ಅವನು ಎಳೆದದ್ದು ರೇಷ್ಮೆಯಾಗದಿದ್ದರೂ ಗೋಣಿದಾರದ ಮಟ್ಟಕ್ಕೆ ಬಂದಿತ್ತು. ಹೆಂಡತಿ ಅದನ್ನೂ ಭರಣಿಗೆ ಹಾಕಿದಳು, ತಳದಲ್ಲಿ.

ಪೆಟ್ಟಿಗೆ ಹಿಡಿದು ತಂಗಿ ಬಾಗಿಲಲ್ಲಿ ನಿಂತಾಗ ಒಲೆಯ ಮೇಲಿದ್ದ ಪಾಕ ಇನ್ನೇನು ಹದಕ್ಕೆ ಬರುವುದರಲ್ಲಿತ್ತು. ಅವನು ಸೌಟು ಹಿಡಿದುಕೊಂಡೇ ಎರಡು ಹೆಜ್ಜೆ ಇಟ್ಟ.

"ಬರಬೇಡ, ಸೀದು ಹೋಗುತ್ತೆ" ಅಂದಳು. "ಎಣ್ಣೆ ಹಚ್ಕೊಳ್ಳೋದು ಮರೀಬೇಡ."

ಹೆಂಡತಿ ಬಸ್ಸಿನವರೆಗೆ ಜೊತೆಗೆ ಹೋದಳು. ಅವನು ಪಾಕ ಇಳಿಸಿ ಬಾಗಿಲಿಗೆ ಬರುವಷ್ಟರಲ್ಲಿ ಬೀದಿ ಖಾಲಿಯಾಗಿತ್ತು. ಅವನು ಕೈಗೆ ಎಣ್ಣೆ ಹಚ್ಚಿಕೊಂಡು ಕೊಕ್ಕೆಯ ಕಡೆ ತಿರುಗಿದ.