ಬಣ್ಣಗಾರನ ಮಗಳು ವಿಜ್ಞಾನ ಓದಿದ್ದು

ಬಣ್ಣಗಾರನ ಹಿತ್ತಲಲ್ಲಿ ಮಧ್ಯಾಹ್ನವೆಂದರೆ ನಿದ್ದೆಗಣ್ಣಿನ ಹೊತ್ತು. ಹಗ್ಗದ ಮೇಲಿನ ಒದ್ದೆ ಬಟ್ಟೆಗಳು ಗಾಳಿ ಬಂದಾಗ ಉಸಿರೆಳೆದುಕೊಂಡಂತೆ ಉಬ್ಬಿ, ಮೆಲ್ಲಗೆ ಇಳಿಯುತ್ತವೆ. ಅವುಗಳನ್ನು ದಾಟಿ ಬರುವ ಬಿಸಿಲು ನೆಲದ ಮೇಲೂ ನೀಲಿ, ಕೆಂಪು ಚೆಲ್ಲುತ್ತದೆ. ಆ ದಿನ ಅಂಥ ಒಂದು ಕೆಂಪು ನೆರಳಿನಲ್ಲಿ ಗುಬ್ಬಿ ಕೂತು ಅಳುತ್ತಿದ್ದಳು.

ಗುಬ್ಬಿ ಬಣ್ಣಗಾರನ ಒಬ್ಬಳೇ ಮಗಳು. ಮನೆಯಲ್ಲಿ ಅರಳು ಹುರಿದಂತೆ ಮಾತು. ಪರೀಕ್ಷೆಯ ಹಾಳೆ ಕಂಡರೆ ಬಾಯಿಗೂ ಕೈಗೂ ಬೀಗ. ವಿಜ್ಞಾನದಲ್ಲಿ ಮತ್ತೆ ಸೊನ್ನೆ ಬಂದಿತ್ತು.

"ಸೋಮವಾರದಿಂದ ಶಾಲೆ ಬೇಡ. ನನ್ನ ಜೊತೆ ಬಟ್ಟೆ ಅದ್ದಲಿ," ಎಂದ ಅಪ್ಪ. "ಹತ್ತದ ಬಟ್ಟೆಗೆ ಎಷ್ಟು ಬಣ್ಣ ಹಾಕಿದ್ರೂ ಅಷ್ಟೇ."

ಅಮ್ಮ ಬಟ್ಟೆ ಹಿಂಡುತ್ತ ನಿಂತಿದ್ದಳು. ಚಿಕ್ಕಂದಿನಲ್ಲಿ ತನ್ನನ್ನು ಶಾಲೆ ಬಿಡಿಸಿದಾಗಲೂ ಹೀಗೇ, ಒಂದೇ ಮಾತಿನಲ್ಲಿ ಮುಗಿದಿತ್ತು. ಬೇಡ ಅನ್ನಬೇಕೆನಿಸಿತು. ಹಿಂಡಿದ ಬಟ್ಟೆಯನ್ನೇ ಮತ್ತೆ ಹಿಂಡಿದಳು.

ಅಷ್ಟರಲ್ಲಿ ಪಕ್ಕದ ಮನೆಯ ನರ್ಸಕ್ಕ ಬಣ್ಣಕ್ಕೆ ಕೊಟ್ಟಿದ್ದ ಪರದೆ ಒಯ್ಯಲು ಬಂದಳು.

"ಏನ್ ಗುಬ್ಬಿ, ಪರದೆ ಜೊತೆ ನೀನೂ ಒದ್ದೆ?"

"ನಗಬೇಡಮ್ಮ, ವಿಜ್ಞಾನದಲ್ಲಿ ಸೊನ್ನೆ ತಂದಿದ್ದಾಳೆ," ಎಂದ ಅಪ್ಪ. "ತಪ್ಪು ಇವಳದೊಂದೇ ಅಲ್ಲ. ವಿಜ್ಞಾನದ ಮೇಷ್ಟ್ರು ಈಗ ತರಗತಿಯಲ್ಲಿ ಪಾಠ ಓದಿಸಿ, ಪದದ ಅರ್ಥ ಬಿಡಿಸಿ, ಸ್ವಂತ ಮಾತಲ್ಲಿ ಬರೆಸ್ತಾರಂತೆ. ಲೆಕ್ಕದವರೂ ಶುರು ಹಚ್ಚಿದ್ದಾರೆ. ಓದು ಬರಹ ಕಲಿಸೋಕೆ ಭಾಷೆ ಟೀಚರ್ ಇಲ್ವಾ? ದರ್ಜಿ ಕ್ಷೌರ ಮಾಡಿದ ಹಾಗಾಯ್ತು!"

"ಅಣ್ಣಾ, ಔಷಧಿ ಬಾಟಲಿ ಮೇಲೆ 'ಊಟದ ನಂತರ ಅರ್ಧ ಚಮಚ, ದಿನಕ್ಕೆ ಎರಡು ಸಲ' ಅಂತ ಇರುತ್ತೆ. ಅದು ಭಾಷೆ ಪಾಠನಾ, ಲೆಕ್ಕನಾ, ವಿಜ್ಞಾನನಾ?"

ಅಪ್ಪ ತಲೆ ಕೆರೆದುಕೊಂಡ. "ಮೂರೂ."

"ಓದೋಕೆ ಬರದೆ ಇದ್ರೆ?"

"ಮೂರೂ ಹೋಯ್ತು," ಎಂದು ಗೊಣಗಿದ.

ನರ್ಸಕ್ಕ ಗುಬ್ಬಿಯ ಪಕ್ಕದಲ್ಲಿ ಬಿದ್ದಿದ್ದ ಪ್ರಶ್ನೆಪತ್ರಿಕೆ ಎತ್ತಿಕೊಂಡು ಓದಿದಳು: "'ಉಷ್ಣತೆ ಹೆಚ್ಚಿದಂತೆ ವಿಸರಣೆಯ ವೇಗದಲ್ಲಾಗುವ ಬದಲಾವಣೆಯನ್ನು ಉದಾಹರಣೆಯೊಂದಿಗೆ ವಿವರಿಸಿ.' ಇದು ಏನು ಕೇಳ್ತಿದೆ, ಗುಬ್ಬಿ?"

"ಗೊತ್ತಿಲ್ಲ ಅತ್ತೆ. ಕಬ್ಬಿಣದ ಕಡಲೆ."

"ಕಡೆಗಣಿಸಬೇಡ, ಕಚ್ಚೋಣ. ವಿಸರಣೆ ಅಂದ್ರೆ ತಾನಾಗೇ ಹರಡೋದು. ಉಷ್ಣತೆ ಅಂದ್ರೆ ಎಷ್ಟು ಬಿಸಿ ಅನ್ನೋದು. ಈಗ ಹೇಳು."

ಗುಬ್ಬಿ ಕಣ್ಣೊರೆಸಿಕೊಂಡಳು. ಎದ್ದು ಹೋಗಿ ಎರಡು ಗಾಜಿನ ಲೋಟ ತಂದಳು, ಒಂದರಲ್ಲಿ ತಣ್ಣೀರು, ಇನ್ನೊಂದರಲ್ಲಿ ಒಲೆಯ ಮೇಲಿನ ಬಿಸಿನೀರು. ಎರಡಕ್ಕೂ ಒಂದೊಂದು ಹನಿ ಕೆಂಪು ಬಿಟ್ಟಳು. ಬಿಸಿನೀರಲ್ಲಿ ಬಣ್ಣ ಹೊಗೆಯಂತೆ ಸುರುಳಿ ಬಿಚ್ಚಿ, ನೋಡನೋಡುತ್ತಲೇ ಲೋಟ ತುಂಬಿತು. ತಣ್ಣೀರಲ್ಲಿ ಅದು ಒಂದೆಳೆಯಾಗಿ ಇಳಿದು, ಕನಸು ಕಾಣುವವರ ಹಾಗೆ ತಳದಲ್ಲೇ ತೂಗಾಡುತ್ತಿತ್ತು.

"ಬಿಸಿನೀರಲ್ಲಿ ಓಡುತ್ತೆ, ತಣ್ಣೀರಲ್ಲಿ ಸೋಮಾರಿ," ಎಂದಳು ಗುಬ್ಬಿ. "ಇಷ್ಟೇನಾ ಕೇಳಿದ್ದು?"

"ಇಷ್ಟೇ. ಅದನ್ನೇ ಬರಿ."

ಗುಬ್ಬಿ ಬರೆದಳು: 'ಬಣ್ಣ ಓಡುತ್ತದೆ.'

"ಎಲ್ಲಿಗೆ, ಸಂತೆಗಾ?" ನರ್ಸಕ್ಕ ನಕ್ಕಳು. "ಈ ಲೋಟ ನೋಡದವರಿಗೂ ಅರ್ಥ ಆಗಬೇಕು. ಏನು ಮಾಡಿದೆ, ಏನು ಕಂಡೆ, ಯಾವುದಕ್ಕಿಂತ ಯಾವುದು ಬೇಗ?"

ಗುಬ್ಬಿ ಹೊಡೆದು ಹಾಕಿ ಮತ್ತೆ ಬರೆದಳು. ಅಪ್ಪ ಅಕ್ಷರಗಳ ಕೆಳಗೆ ನೀಲಿ ಬೆರಳಿಟ್ಟು ಒಂದೊಂದಾಗಿ ಓದಿದ: "'ಒಂದು ಲೋಟ ತಣ್ಣೀರಿಗೂ ಒಂದು ಲೋಟ ಬಿಸಿನೀರಿಗೂ ಒಂದೊಂದು ಹನಿ ಬಣ್ಣ ಹಾಕಿದೆನು. ತಣ್ಣೀರಿಗಿಂತ ಬಿಸಿನೀರಿನಲ್ಲಿ ಬಣ್ಣ ಬೇಗ ಹರಡಿತು. ಉಷ್ಣತೆ ಹೆಚ್ಚಿದರೆ ವಿಸರಣೆ ವೇಗವಾಗಿ ಆಗುತ್ತದೆ.'"

ಓದಿ ಮುಗಿಸಿ ಬೆಪ್ಪಾದ. "ಇದು ನನ್ನ ಕಸುಬಲ್ವಾ! ಪುಸ್ತಕದಲ್ಲಿದೆಯಾ?"

"ಇದೆಯಪ್ಪ. ಆ ಮಾತು ನಂಗೆ ಗೊತ್ತಿರಲಿಲ್ಲ, ಅಷ್ಟೇ."

"ಮೇಷ್ಟ್ರು ಕಲಿಸ್ತಿರೋದೂ ಅದನ್ನೇ," ಎಂದಳು ನರ್ಸಕ್ಕ. "ಒಂದೊಂದು ವಿಷಯಕ್ಕೂ ಅದರದೇ ಮಾತು, ಅದರದೇ ಬರಹ. ಲೆಕ್ಕದಲ್ಲಿ ಎಷ್ಟು ಮಕ್ಕಳು ಎರಡು ಸಂಖ್ಯೆ ಕಂಡ ತಕ್ಷಣ ಕೂಡಿಬಿಡ್ತಾರೆ! 'ಎಷ್ಟು ಉಳಿಯಿತು' ಅಂತ ಕೇಳಿರೋದನ್ನ ಓದೋದೇ ಇಲ್ಲ."

"ಮನೇಲಿ ಹೇಳಿಕೊಡೋರು ಯಾರು? ಇವಳ ಅಮ್ಮ ಓದಿದ್ದು ಅಷ್ಟಕ್ಕಷ್ಟೇ," ಎಂದ ಅಪ್ಪ.

ಆಗ ಅಮ್ಮ ಕೈಯಲ್ಲಿದ್ದ ಬಟ್ಟೆಯನ್ನು ಬಕೆಟ್ಟಿಗೆ ಬಿಟ್ಟಳು. "ಹೇಳಿಕೊಡೋಕೆ ಬರಲ್ಲ. ಕೇಳೋಕೆ ಬರುತ್ತಲ್ಲ. ಅವಳು ಓದಲಿ, ನಂಗೆ ತಿಳಿಯೋವರೆಗೂ ಬಿಡಿಸಿ ಹೇಳಲಿ, ಆಮೇಲೆ ಬರೀಲಿ. ಸೋಮವಾರ ಅವಳು ಶಾಲೆಗೆ ಹೋಗ್ತಾಳೆ ರೀ."

ಇಷ್ಟುದ್ದ ಮಾತು ಅವಳ ಬಾಯಿಂದ ಬಂದದ್ದು ಕೇಳಿ ಗುಬ್ಬಿಯೇ ಕಣ್ಣರಳಿಸಿದಳು.

ಅಪ್ಪ ಮಗಳ ಕಡೆ ನೋಡಿದ. "ಹೋಗಲಿ," ಎಂದ. "ನಾನೂ ಬರ್ತೀನಿ. ಮೇಷ್ಟ್ರಿಗೆ ಬೈದಿದ್ದೀನಿ, ಒಂದು ನಮಸ್ಕಾರ ಬಾಕಿ ಇದೆ."

ಅಕ್ಕ, ಅಣ್ಣ, ನಿಮ್ಮ ಮಗುವೂ ಬಾಯಲ್ಲಿ ಚುರುಕು, ಹಾಳೆಯಲ್ಲಿ ಮೌನವೇ? ದಡ್ಡ ಎನ್ನುವ ಮುಂಚೆ, ಪ್ರಶ್ನೆ ಅರ್ಥವಾಗಿದೆಯೇ ಎಂದು ಕೇಳಿ. ಲೆಕ್ಕ, ವಿಜ್ಞಾನ, ಸಮಾಜ, ಯಾವ ಪಾಠವೇ ಆಗಲಿ, ಗಟ್ಟಿಯಾಗಿ ಓದಿಸಿ. ಮೊದಲು ಮನೆಮಾತಿನಲ್ಲಿ ಹೇಳಲಿ, ಆಮೇಲೆ ಬರೆಯಲಿ. ಲೆಕ್ಕದ ಟೀಚರ್ ಓದು ಬರಹ ಮಾಡಿಸಿದರೆ ಮೂಗು ಮುರಿಯದೆ ಅವರ ಜೊತೆ ನಿಲ್ಲಿ. ನಿಮಗೆ ಅಕ್ಷರ ಬಾರದಿದ್ದರೂ ಸಂಕೋಚ ಬೇಡ. ಇವತ್ತು ಸಂಜೆ ಮಗುವಿನ ಪಕ್ಕ ಕೂತುಕೊಳ್ಳಿ. ಕಿವಿಗೊಟ್ಟು ಕೇಳುವವರಿದ್ದರೆ ಮಕ್ಕಳಿಗೆ ಹೇಳುವ ಧೈರ್ಯ ಬರುತ್ತದೆ.