ಉಚ್ಚಂಗೆಮ್ಮನ ಎಂಟು ದಿನದ ಬಳ್ಳಾರಿ

ಹೆಣ್ಣು ನೋಡುವ ಶಾಸ್ತ್ರ ಎಲ್ಲರಿಗೂ ಗೊತ್ತು. ಗಂಡಿನ ಮನೆ ನೋಡುವ ಶಾಸ್ತ್ರವೂ ಗೊತ್ತು. ಆದರೆ ಅತ್ತೆಯಾಗುವವಳನ್ನು ಕರೆಸಿ, ಎಂಟು ದಿನ ಮನೆಯಲ್ಲಿಟ್ಟುಕೊಂಡು ನೋಡುವ ಶಾಸ್ತ್ರವನ್ನು ಸಿರುಗುಪ್ಪದ ಉಚ್ಚಂಗೆಮ್ಮ ತನ್ನ ಐವತ್ತೆಂಟು ವರ್ಷದಲ್ಲಿ ಕೇಳಿರಲಿಲ್ಲ. ಈಗ ಆ ಪರೀಕ್ಷೆಗೆ ತಾನೇ ಕೂರಬೇಕಾಗಿ ಬಂದಿತ್ತು.

ಆಗಿದ್ದಿಷ್ಟು. ಅವಳ ಮಗ ಹಂಪೇಶ ಸಿರುಗುಪ್ಪದ ಮಿಲ್ಲಿನಿಂದ ಬಳ್ಳಾರಿಯ ಅಂಗಡಿಗಳಿಗೆ ಅಕ್ಕಿ ಸಾಗಿಸುವ ಗಾಡಿ ಇಟ್ಟುಕೊಂಡಿದ್ದ. ಕೌಲ್ ಬಜಾರಿಗೆ ಮೂಟೆ ಇಳಿಸಲು ಹೋದವನು ಅಲ್ಲಿ ರಾಧಾ ಎಂಬ ಹುಡುಗಿಗೆ ಮನಸ್ಸು ಕೊಟ್ಟು ಬಂದ. ಹುಡುಗಿಗೂ ಇವನೇ ಬೇಕು. ಅವಳ ತಾಯಿ ವಿಜಯಲಕ್ಷ್ಮಿ, ಗಂಡ ತೀರಿಕೊಂಡ ಮೇಲೆ ಮನೆಯಲ್ಲೇ ಎರಡು ಮಶಿನ್ ಹಾಕಿಕೊಂಡು, ಜೀನ್ಸ್ ಪ್ಯಾಂಟು ಹೊಲಿದು ಮಗಳನ್ನು ಬಿ.ಕಾಂ. ಓದಿಸಿದ ಗಟ್ಟಿಗಿತ್ತಿ. ಫೋನಿನಲ್ಲಿ ಆಕೆ ಮುಚ್ಚುಮರೆ ಇಟ್ಟುಕೊಳ್ಳಲಿಲ್ಲ.

"ಹುಡುಗನ್ನ ಏನ್ ನೋಡಾದೈತ್ರಿ? ಅಂವ ಹಗಲೆಲ್ಲಾ ಗಾಡಿ ಮ್ಯಾಲ ಇರ್ತಾನ. ನನ್ನ ಮಗಳು ದಿನಾ ಮಾರಿ ನೋಡಾದು ಅತ್ತಿದು. ನೀವು ಬಂದು ನಮ್ಮನ್ಯಾಗ ಎಂಟು ದಿನ ಇರ್ರಿ. ಆಮ್ಯಾಲ ಹೂಂ ಅನ್ಬೇಕೋ ಊಹೂಂ ಅನ್ಬೇಕೋ, ನಾ ಹೇಳ್ತೀನಿ."

ಉಚ್ಚಂಗೆಮ್ಮನಿಗೆ ಮೈಯೆಲ್ಲ ಉರಿಯಿತು. ಗಂಡು ಹೆತ್ತವಳು ತಾನು, ಪರೀಕ್ಷೆ ತನಗೇ? ಮೂರು ದಿನ ಮುಖ ಊದಿಸಿಕೊಂಡು ಕೂತಳು. ಗಂಡ ಕರಿಬಸವ ಮಾತ್ರ ನಕ್ಕೂ ನಕ್ಕೂ ಸುಸ್ತಾದ. "ಹೋಗಿ ಬಾ. ಮೂವತ್ತೈದು ವರ್ಷದಿಂದ ದವಾಖಾನಿ, ಕಚೇರಿ ಅಂತ ಬಳ್ಳಾರಿಗೆ ಹೋಗಿ ಸಂಜಿ ಬಸ್ಸಿಗೆ ವಾಪಸ್ ಬಂದಿ. ಒಮ್ಮೆರ ಊರು ನೋಡಿದಂಗಾಗ್ಲಿ" ಎಂದ. ನಾಲ್ಕನೆಯ ದಿನ ಮಗ ತಟ್ಟೆಯ ಮುಂದೆ ಕೂತು ಅನ್ನ ಕಲಸುತ್ತಲೇ ಇದ್ದು ಹಾಗೇ ಎದ್ದುಹೋದ. ಅದನ್ನು ನೋಡಿದ ಮೇಲೆ ಅವಳು ಮರುಮಾತಾಡದೆ ಚೀಲ ಕಟ್ಟಿದಳು.

ದಾರಿ ಒಂದೂವರೆ ತಾಸಿನದು. ಆದರೂ ಇಳಿದದ್ದು ಪರದೇಶದಲ್ಲೇ. ಕೌಲ್ ಬಜಾರಿನ ಆ ಓಣಿಯಲ್ಲಿ ಅಂಗಳ ಎಂಬುದೇ ಇಲ್ಲ, ಬಾಗಿಲು ತೆರೆದರೆ ನೇರ ಆಟೋದ ಮುಂದಿನ ಚಕ್ರ. ಒಳಗೆ ಕೂತರೆ ಜೀನ್ಸು, ಎದ್ದರೆ ಜೀನ್ಸು, ಒರಗಿದರೆ ಬೆನ್ನಿಗೆ ಜೀನ್ಸಿನ ಗಂಟು. ಹಾಲು ಪಾಕೀಟಿನದು, ಮೊಸರೂ ಪಾಕೀಟಿನದು. ಎದುರು ಮನೆಯ ಪಾರಮ್ಮ ಕಿಟಕಿಯಿಂದಲೇ ಇಣುಕಿ, "ಇವರೇ ಏನ್ರಿ ಪರೀಕ್ಷಾಕ ಬಂದಾರು?" ಎಂದು ಕೇಳಿದಳು. ಅಂದರೆ ಓಣಿಗೆಲ್ಲ ಸುದ್ದಿ ಆಗಿದೆ. ಉಚ್ಚಂಗೆಮ್ಮ ಹಲ್ಲು ಕಚ್ಚಿ ನಕ್ಕಳು. ಮಗನ ಬಾಳಿನ ಪ್ರಶ್ನೆ, ಕತ್ತೆಯ ಕಾಲೂ ಹಿಡಿಯಬೇಕು.

ಅವತ್ತು ಎಲ್ಲ ಮಾತೂ ಆಯಿತು, ನೀರಿನ ಮಾತೊಂದು ಬಿಟ್ಟು. ಆ ಓಣಿಗೆ ನಳದ ನೀರು ಬರುವುದು ಏಳೆಂಟು ದಿನಕ್ಕೊಮ್ಮೆ. ಅದನ್ನು ಹೇಳಬೇಕು ಎಂದು ಅಲ್ಲಿನವರಿಗೆ ಅನಿಸುವುದೇ ಇಲ್ಲ, ಹುಟ್ಟಿದಾಗಿನಿಂದ ಹಾಗೇ. ಉಚ್ಚಂಗೆಮ್ಮನೋ ಕಾಲುವೆಯ ದಂಡೆಯಲ್ಲಿ ಹುಟ್ಟಿ, ಕಾಲುವೆಯ ದಂಡೆಗೇ ಸೊಸೆಯಾಗಿ ಬಂದವಳು. ಹೊಳೆ ನೀರಿಗೆ ದೊಣ್ಣೆನಾಯಕನ ಅಪ್ಪಣೆ ಯಾಕೆ ಎನ್ನುವ ಜನ ಅವರು. ಅವರ ಮನೆಗಳಲ್ಲಿ ನಿನ್ನೆಯ ನೀರು ಇವತ್ತಿನ ದೇವರಿಗೆ ಬರುವುದಿಲ್ಲ. ಬೆಳಗಾದರೆ ಹಳೇ ನೀರೆಲ್ಲ ಚೆಲ್ಲಬೇಕು, ಕೊಡ ತಿಕ್ಕಬೇಕು, ಹೊಸ ನೀರು ತುಂಬಬೇಕು. ಹಳೇ ನೀರು ಉಳಿದ ಮನೆಯ ಹೆಂಗಸನ್ನು ಅಲ್ಲಿ ಸೋಮಾರಿ ಎನ್ನುತ್ತಾರೆ.

ಮರುದಿನ ನಸುಕಿನಲ್ಲೇ ಎದ್ದು ಹಿತ್ತಲ ಬಾಗಿಲು ತೆರೆದಳು. ಬಚ್ಚಲ ಪಕ್ಕದಲ್ಲಿ ಮೂರು ನೀಲಿ ಡ್ರಮ್ಮುಗಳು, ತುಂಬಿ ತುಳುಕುತ್ತಿವೆ. ಮುಚ್ಚಳ ತೆಗೆದು ಬೆರಳಾಡಿಸಿದರೆ ಒಳಮೈಗೆಲ್ಲ ಲೋಳೆ. ಅಯ್ಯೋ ಪಾಪ, ತಾಯಿ ಮಗಳು ದುಡಿತದಲ್ಲಿ ಇದನ್ನೆಲ್ಲ ನೋಡುವ ಪುರಸೊತ್ತಿಲ್ಲದವರು ಎಂದುಕೊಂಡಳು. ಅತ್ತೆಯಾಗುವವಳು ಎಂಥವಳು ಎಂದು ತೋರಿಸಲು ದೇವರೇ ಕೊಟ್ಟ ಅವಕಾಶ. ಸೀರೆ ಎತ್ತಿ ಕಟ್ಟಿ, ಒಂದೊಂದೇ ಡ್ರಮ್ಮು ವಾಲಿಸಿದಳು. ನೀರು ಹಿತ್ತಲಿನಿಂದ ಮೋರಿಗೆ, ಮೋರಿಯಿಂದ ಓಣಿಗೆ ಹರಿಯಿತು. ಮಲಗಿದ್ದ ನಾಯಿಗಳು ಎದ್ದು ಹೋದವು. ಒಳಗಿದ್ದ ಎರಡು ಬಕೀಟನ್ನೂ ಬಿಡಲಿಲ್ಲ. ನಾರು ಹಾಕಿ ಗಸಗಸ ತಿಕ್ಕಿ, ಡ್ರಮ್ಮುಗಳನ್ನು ಹೊಸದರಂತೆ ಮಾಡಿ, ಹೆಮ್ಮೆಯಿಂದ ನಳ ತಿರುಗಿಸಿದಳು.

ನಳ ಸುಯ್ಯೆಂದು ಗಾಳಿ ಬಿಟ್ಟಿತು. ಅಷ್ಟೇ.

ಹಿಂದೆ ರಾಧಾ ನಿಂತಿದ್ದಳು. ಖಾಲಿ ಡ್ರಮ್ಮು ನೋಡಿದಳು, ಒದ್ದೆ ನೆಲ ನೋಡಿದಳು, ಉಚ್ಚಂಗೆಮ್ಮನ ಮುಖ ನೋಡಿದಳು. "ನಿನ್ನೆ ಬೆಳಿಗ್ಗಿ ಬಂದಿತ್ತು ನೀರು, ಅತ್ತಿ. ಇನ್ನ ಆರೇಳು ದಿನ ಬರಂಗಿಲ್ಲ" ಎಂದಳು, ಸಣ್ಣ ದನಿಯಲ್ಲಿ. ಒಳಗೆ ವಿಜಯಲಕ್ಷ್ಮಿ ಕೆಮ್ಮುತ್ತ ಏಳುವ ಸದ್ದು. ರಾಧಾ ಸರಕ್ಕನೆ ಉಚ್ಚಂಗೆಮ್ಮನ ಕೈಯಿಂದ ನಾರು ಕಸಿದುಕೊಂಡಳು.

"ನಾನ ಚೆಲ್ಲಿದ್ನಿ ಬೇ. ಹುಳ ಬಿದ್ದಿದ್ವು" ಎಂದಳು ತಾಯಿಗೆ.

ವಿಜಯಲಕ್ಷ್ಮಿ ಮಗಳನ್ನು ಬೈದ ಬೈಗುಳ ಪಾರಮ್ಮನ ಮನೆಯವರೆಗೂ ಕೇಳಿತು. ಬುದ್ಧಿ ಐತೇನು, ಬಂದ ಬೀಗರ ಮುಂದ ಮಾನ ಕಳದ್ಯಲ್ಲ, ಎಂದೆಲ್ಲ. ರಾಧಾ ತಲೆ ತಗ್ಗಿಸಿ ನಿಂತಿದ್ದಳು. ಉಚ್ಚಂಗೆಮ್ಮ ಬಾಯಿ ತೆರೆದಳು. ಊಟ ಬಿಟ್ಟು ಎದ್ದ ಮಗನ ಮುಖ ಕಣ್ಣ ಮುಂದೆ ಬಂತು. ತೆರೆದ ಬಾಯನ್ನು ಹಾಗೇ ಮುಚ್ಚಿದಳು.

ಅಲ್ಲಿಂದ ಶುರುವಾಯಿತು ನೋಡಿ ಬಳ್ಳಾರಿಯ ವನವಾಸ. ಕುಡಿಯಲು ಕ್ಯಾನಿನ ನೀರು ತಂದರು. ಪಾರಮ್ಮ ಎರಡು ಕೊಡ ಕೊಟ್ಟಳು, ಕೊಟ್ಟದ್ದನ್ನು ದಿನಕ್ಕೆ ನಾಲ್ಕು ಸಲ ನೆನಪಿಸಿದಳು. ಉಳಿದದ್ದಕ್ಕೆಲ್ಲ ಓಣಿಯ ತುದಿಯ ಕೈಪಂಪಿನ ಸವಳು ನೀರು. ಉಚ್ಚಂಗೆಮ್ಮ ಹಟ ಹಿಡಿದು ತಾನೇ ಕೊಡ ಹೊತ್ತು ಪಾಳಿಗೆ ನಿಂತಳು. ಮೊದಲ ದಿನ ಪಾಳಿ ತಪ್ಪಿಸಿದಳೆಂದು ಒಬ್ಬಳು ತೆಲುಗಿನಲ್ಲಿ ಬೈದಳು, ಇನ್ನೊಬ್ಬಳು ಉರ್ದುವಿನಲ್ಲಿ. ಸಿರುಗುಪ್ಪದವಳಿಗೆ ಎರಡೂ ಬರುತ್ತವೆ. ಅವಳು ಎರಡರಲ್ಲೂ ತಿರುಗಿ ಬೈದಳು. ಮೂರನೆಯ ದಿನಕ್ಕೆ ಅವರೇ "ಅಕ್ಕಾ, ರಾ" ಎಂದು ಜಾಗ ಬಿಟ್ಟರು. ಸ್ನಾನಕ್ಕೆ ಅರ್ಧ ಬಕೀಟು, ಅದರಲ್ಲೂ ಸೋಪಿಗೆ ನೊರೆ ಬರುವುದಿಲ್ಲ. ಬಿಸಿಲೋ, ಬಂಡೆ ಸೀಳುವಂಥದ್ದು.

ಆದರೆ ವಿಜಯಲಕ್ಷ್ಮಿ ಒಳ್ಳೆಯ ಹೆಂಗಸು, ಅದೇ ಕಷ್ಟವಾಯಿತು. ಕೆಟ್ಟವಳಾಗಿದ್ದರೆ ಮುಚ್ಚಿಟ್ಟದ್ದು ಇಷ್ಟು ಚುಚ್ಚುತ್ತಿರಲಿಲ್ಲ. ಹೊಲಿಗೆ ಅರ್ಧ ದಿನಕ್ಕೇ ನಿಲ್ಲಿಸಿ, "ಬರ್ರಿ, ಊರು ತೋರಸ್ತೀನಿ" ಎಂದು ಕರೆದುಕೊಂಡು ಹೋಗುತ್ತಿದ್ದಳು. ಒಂದು ಸಂಜೆ ಕಂಟೋನ್ಮೆಂಟಿನಲ್ಲಿ ನಡೆದಾಡಿದರು. ಅಗಲ ರಸ್ತೆ, ದೊಡ್ಡ ಮರ, ಹಳೇ ಬಂಗಲೆಗಳ ಸುತ್ತ ಎಕರೆಗಟ್ಟಲೆ ಖಾಲಿ ಜಾಗ. "ಇಷ್ಟು ಜಾಗ ಇಟ್ಕೊಂಡು ಒಂದು ಎಮ್ಮಿ ಕಟ್ಟಿಲ್ಲಲ್ರಿ" ಎಂದು ಉಚ್ಚಂಗೆಮ್ಮ ಅಚ್ಚರಿಪಟ್ಟಳು. ವಿಜಯಲಕ್ಷ್ಮಿ ನಕ್ಕು ನಕ್ಕು ಮರಕ್ಕೆ ಒರಗಿದಳು. ಬರುವಾಗ ಒಗ್ಗರಣೆ ಮಂಡಕ್ಕಿ, ಮಿರ್ಚಿ ತಿಂದರು. ಖಾರಕ್ಕೆ ಇಬ್ಬರ ಕಣ್ಣಲ್ಲೂ ನೀರು, ಆದರೂ ಇನ್ನೆರಡು ಮಿರ್ಚಿ ಹಾಕಿಸಿಕೊಂಡರು. ಮದುವೆಯಾದ ಮೇಲೆ ಹೀಗೆ ಬೀದಿಯಲ್ಲಿ ನಿಂತು ತಿಂದದ್ದೇ ಇಲ್ಲ ಎಂದು ಉಚ್ಚಂಗೆಮ್ಮನಿಗೆ ಆಗ ಹೊಳೆಯಿತು. ಗೆಳತಿಯೊಬ್ಬಳು ಸಿಕ್ಕಳಲ್ಲ ಎಂದು ಖುಷಿಯಾಯಿತು, ಆ ಖುಷಿಯ ಹಿಂದೆಯೇ ಚೆಲ್ಲಿದ ನೀರು ನೆನಪಾಯಿತು.

ಇನ್ನೊಂದು ಬೆಳಿಗ್ಗೆ ಕೋಟೆಯ ಗುಡ್ಡ ಹತ್ತಿದರು. ಏದುಸಿರು ಬಿಡುತ್ತ, ಮೆಟ್ಟಿಲಿಗೊಮ್ಮೆ ಕೂರುತ್ತ ಮೇಲೆ ಹೋದರೆ ಇಡೀ ಬಳ್ಳಾರಿ ಕಾಲಡಿಗೆ. ಮೂವತ್ತೈದು ವರ್ಷ ಕೆಳಗಿನಿಂದ ಕತ್ತೆತ್ತಿ ನೋಡಿದ ಗುಡ್ಡದ ಮೇಲೆ ತಾನೇ ನಿಂತಿದ್ದಾಳೆ. ಉಚ್ಚಂಗೆಮ್ಮ ಸಣ್ಣ ಹುಡುಗಿಯ ಹಾಗೆ ಒಂದು ತುದಿಯಿಂದ ಇನ್ನೊಂದು ತುದಿಗೆ ಓಡಾಡಿದಳು. ಅಷ್ಟರಲ್ಲಿ ವಿಜಯಲಕ್ಷ್ಮಿ ಬಂಡೆಯಲ್ಲಿ ನೀರು ನಿಲ್ಲುವ ಹಳೇ ಹೊಂಡವೊಂದನ್ನು ತೋರಿಸಿದಳು. "ನೋಡ್ರಿ, ಕ್ವಾಟಿ ಕಟ್ಟಿದಾರೂ ಮೊದ್ಲು ನೀರಿಂದ ನೋಡ್ಯಾರ. ನನ್ನ ಮಗಳಿಗೆ ಅಷ್ಟೂ ತಿಳಿಲಿಲ್ಲ" ಎಂದಳು. ಉಚ್ಚಂಗೆಮ್ಮನಿಗೆ ಗುಡ್ಡದಿಂದ ಹಾಗೇ ಉರುಳಿಬಿಡಲೇ ಎನಿಸಿತು.

ಏಳನೆಯ ದಿನ ಕುರುಗೋಡಿಗೆ ಹೋದರು, ದೊಡ್ಡ ಬಸವೇಶ್ವರನ ದರ್ಶನಕ್ಕೆ. ರಾಧಾ ತಾನು ಕೆಲಸ ಮಾಡುವ ಶೋರೂಮಿಗೆ ಹೋಗಿದ್ದಳು, ಹೆಂಗಸರಿಬ್ಬರೇ. ಗುಡಿಯೊಳಗೆ ಕಾಲಿಟ್ಟ ಉಚ್ಚಂಗೆಮ್ಮ ಗಕ್ಕನೆ ನಿಂತಳು. ಒಂದೇ ಕಲ್ಲಿನ ಬಸವಣ್ಣ, ಆಳಿನ ಮೇಲೆ ಆಳು ನಿಂತರೂ ಸಾಲದಷ್ಟು ಎತ್ತರ. ಅಷ್ಟು ದೊಡ್ಡ ದೇವರ ಮುಂದೆ ಅಷ್ಟು ಸಣ್ಣತನ ಇಟ್ಟುಕೊಂಡು ನಿಲ್ಲಲು ಅವಳಿಂದ ಆಗಲಿಲ್ಲ.

"ನೀರು ಚೆಲ್ಲಿದ್ದು ರಾಧಾ ಅಲ್ರಿ. ನಾನು."

ಕಾಯಿ ಹಿಡಿದಿದ್ದ ವಿಜಯಲಕ್ಷ್ಮಿ ತಿರುಗಿ ನೋಡಿದಳು.

"ನಮ್ಮ ಕಡಿ ಹಳೇ ನೀರು ಇಡಂಗಿಲ್ರಿ. ಬಂದಾಕಿ ಚೊಲೋ ಅನ್ನಿಸ್ಕೋಬೇಕು ಅಂತ ಎಲ್ಲಾ ಚೆಲ್ಲಿ ತಿಕ್ಕಿದೆ. ಹುಡುಗಿ ತನ್ನ ಮ್ಯಾಲ ಹಾಕ್ಕೊಂಡ್ಲು."

"ಆರು ದಿನ ನನ್ನ ಮಗಳು ಬೈಸ್ಕೊಂಡ್ಲು" ಎಂದಳು ವಿಜಯಲಕ್ಷ್ಮಿ, ಮೆಲ್ಲಗೆ. "ನೀವು ಸುಮ್ಕ ಕೇಳ್ಕೋತ ಇದ್ರಿ."

"ಇದ್ನಿ. ಹೆದ್ರಿದ್ನಿ. ನೀವು ಊಹೂಂ ಅಂದ್ರ ನನ್ನ ಮಗ ಉಣ್ಣಂಗಿಲ್ಲ ಅಂತ ಹೆದ್ರಿದ್ನಿ. ತಪ್ಪಾತು. ಊಹೂಂ ಅನ್ನಾದಿದ್ರ ನನಗ ಅನ್ರಿ, ಆ ಹುಡುಗಿನ್ನ ಮಾತ್ರ ಇನ್ನ ಬೈಬ್ಯಾಡ್ರಿ." ಬೇರೆ ಯಾರದೋ ಮಗಳಿಗೋಸ್ಕರ ಹೀಗೆ ಅಳು ಬರುತ್ತದೆ ಎಂದು ಅವಳಿಗೇ ಗೊತ್ತಿರಲಿಲ್ಲ.

ವಿಜಯಲಕ್ಷ್ಮಿ ಕಾಯಿ ಒಡೆಸಿದಳು, ಬಸ್ಸು ಹತ್ತಿದಳು, ಕಿಟಕಿಯ ಕಡೆ ಮುಖ ಮಾಡಿ ಕೂತಳು. ಹೊಲಗಳು ಹಿಂದೆ ಹೋದವು. ಅರ್ಧ ದಾರಿ ಕಳೆದ ಮೇಲೆ ಅವಳ ಭುಜ ಅಲುಗತೊಡಗಿತು. ಅಳುತ್ತಿದ್ದಾಳೆಂದು ಉಚ್ಚಂಗೆಮ್ಮ ಗಾಬರಿಯಾದಳು.

"ಮೂರೂ ಡ್ರಮ್ಮಾ?" ಎಂದು ಕೇಳಿದಳು ವಿಜಯಲಕ್ಷ್ಮಿ.

"ಮೂರೂ. ಒಳಗಿನ ಎರಡು ಬಕೀಟೂ."

ವಿಜಯಲಕ್ಷ್ಮಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರೂ ನಗು ತಡೆಯಲಿಲ್ಲ. ಕಂಡಕ್ಟರು ತಿರುಗಿ ನೋಡಿದ. ಉಚ್ಚಂಗೆಮ್ಮನಿಗೂ ನಗು ಬಂತು, ಆದರೆ ಪೂರ್ತಿ ನಗಲು ಧೈರ್ಯವಾಗಲಿಲ್ಲ. ಹೂಂ ಎನ್ನುವ ಮಾತಾಗಲಿ, ಊಹೂಂ ಎನ್ನುವ ಮಾತಾಗಲಿ ಬರಲಿಲ್ಲ. ಮನೆಗೆ ಹೋದ ಮೇಲೂ ಬರಲಿಲ್ಲ. ರಾತ್ರಿ ಉಚ್ಚಂಗೆಮ್ಮ ಚೀಲ ಕಟ್ಟಿ ಮೂಲೆಗಿಟ್ಟು ಮಲಗಿದಳು. ಬೆಳಗಿನ ಮೊದಲ ಬಸ್ಸಿಗೇ ಹೋಗಿಬಿಡುವುದು, ಮಗನಿಗೆ ಏನು ಹೇಳುವುದೋ ದಾರಿಯಲ್ಲಿ ಯೋಚಿಸುವುದು ಎಂದುಕೊಂಡಳು.

ಬೆಳಕು ಹರಿಯುವ ಹೊತ್ತಿಗೆ ಓಣಿ ತುಂಬ ಕೊಡಗಳ ಸದ್ದೆದ್ದಿತು. ಯಾರೋ ಕೂಗಿದರು, ಯಾರೋ ಓಡಿದರು, ಪಾರಮ್ಮ ಯಾರನ್ನೋ ಬೈದಳು. ಉಚ್ಚಂಗೆಮ್ಮ ಕಣ್ಣು ಬಿಡುವಷ್ಟರಲ್ಲಿ ವಿಜಯಲಕ್ಷ್ಮಿ ಅವಳ ಹೊದಿಕೆ ಎಳೆದು ಹಾಕಿದ್ದಳು.

"ಬೀಗತಿ, ಏಳ್ರಿ, ನಳ ಬಂದೈತಿ. ಏನ್ ಹಿಂಗ ಮಕ್ಕೊಂಡೀರಿ?"

ಉಚ್ಚಂಗೆಮ್ಮ ಎದ್ದು ಕೂತಳು. "ಏನಂದ್ರಿ?" ಎಂದಳು.

"ಲಗ್ನದ ಮಾತು ಆಮ್ಯಾಲ ಆಡಾಣು. ಮೊದ್ಲು ನೀರು ಹಿಡೀರಿ."

ಹಿತ್ತಲಲ್ಲಿ ರಾಧಾ ಆಗಲೇ ಡ್ರಮ್ಮಿಗೆ ಪೈಪು ಬಿಟ್ಟು ನಿಂತು ನಗುತ್ತಿದ್ದಳು. ಉಚ್ಚಂಗೆಮ್ಮ ತುಂಬಿದ ಕೊಡ ಒಳಗಿಟ್ಟು ಖಾಲಿ ಕೊಡ ಹೊರಗೆ ತಂದಳು, ಮತ್ತೆ ತುಂಬಿದ್ದು ಒಳಗೆ, ಮತ್ತೆ ಖಾಲಿಯದು ಹೊರಗೆ. ಕಣ್ಣಿನಿಂದ ನೀರು ಇಳಿಯುತ್ತಲೇ ಇತ್ತು, ಒರೆಸಿಕೊಳ್ಳಲು ಅವಳಿಗೆ ಕೈ ಬಿಡುವಿರಲಿಲ್ಲ.