ಎರಡನೆಯ ಕ್ಲಚ್

ಐವತ್ತು ದಾಟಿದ ಮೇಲೆ ಬೇರೆಯವರಿಗೆ ಮೊಣಕಾಲು ಹಿಡಿಯುತ್ತದೆ, ನನ್ನ ತಮ್ಮನಿಗೆ ಕಾರಿನ ಹುಚ್ಚು ಹಿಡಿಯಿತು. ಅದೂ ಎಂಥ ಕಾರು! ಹೊಟ್ಟೆ ನೆಲಕ್ಕೆ ತಾಗುವಷ್ಟು ತಗ್ಗು, ಇಬ್ಬರು ಕೂತರೆ ಮುಗಿಯಿತು, ಎಂಜಿನ್ ಬೆನ್ನ ಹಿಂದೆ. ಹೊರದೇಶದ ಸ್ಪೋರ್ಟ್ಸ್ ಕಾರು. ಹೊಸದು ಅವನ ಕೈಗೂ ಎಟುಕುವುದಿಲ್ಲ, ಹಾಗಾಗಿ ಯಾರೋ ಓಡಿಸಿ ಬಿಟ್ಟದ್ದನ್ನು ಹುಡುಕುತ್ತಿದ್ದ. ಲಿಫ್ಟ್ ಕೂರಿಸುವ ವ್ಯಾಪಾರ ಅವನದು. ಇಷ್ಟು ವರ್ಷ ಜನರನ್ನು ಮೇಲೆ ಕೆಳಗೆ ಕಳಿಸಿ ಸಾಕಾಗಿರಬೇಕು, ಇನ್ನು ಮುಂದಕ್ಕೆ ಹೋಗುವ ಆಸೆ.

ಕೊಳ್ಳಲಿ, ಬೇಡ ಅಂದವರು ಯಾರು? ಅದಕ್ಕೆ ನನ್ನ ತಲೆ ಯಾಕೆ ತಿನ್ನಬೇಕು?

"ಅಕ್ಕ, ನೀನು ಒಂದ್ಸಲ ಬಂದು ಕಾಲಿಟ್ಟು ನೋಡು, ಸಾಕು. ಬೇರೆ ಯಾರ ಮಾತೂ ನಂಗೆ ಬೇಡ."

ಕಾಲಿಡುವುದು ಎಂದರೆ ಕ್ಲಚ್ ಮೇಲೆ. ನಾನು ಡ್ರೈವಿಂಗ್ ಸ್ಕೂಲ್ ನಡೆಸುವವಳು. ನನ್ನ ಕಾರಿನಲ್ಲಿ ಕಲಿಯುವವರ ಕಾಲ ಕೆಳಗೆ ಒಂದು ಕ್ಲಚ್, ಪಕ್ಕದ ಸೀಟಿನಲ್ಲಿ ನನ್ನ ಕಾಲ ಕೆಳಗೆ ಇನ್ನೊಂದು. ಎರಡಕ್ಕೂ ಸರಳಿನ ಜೋಡಣೆ, ಬ್ರೇಕಿಗೂ ಹಾಗೆಯೇ. ಇಲ್ಲಿ ಒತ್ತಿದರೆ ಅಲ್ಲಿಯದೂ ಇಳಿಯುತ್ತದೆ. ಬ್ಯಾಂಕಿನವರು, ನರ್ಸುಗಳು, ಹೊಸದಾಗಿ ಮದುವೆಯಾದವರು, ಗಂಡನ ಮೇಲಿನ ಸಿಟ್ಟಿಗೆ ಕಲಿಯಲು ಬಂದವರು, ಹೀಗೆ ಊರಿನ ಅರ್ಧ ಜನ ತಡಬಡಾಯಿಸಿ ಬಿಟ್ಟ ಕ್ಲಚ್ಚನ್ನು ನನ್ನ ಎಡಗಾಲು ಹಿಡಿದಿದೆ. ಪೆಡಲನ್ನು ಒಂದು ಸಲ ಒತ್ತಿ ಬಿಟ್ಟರೆ ಸಾಕಿತ್ತು, ಅದು ಎಲ್ಲಿ ಕಚ್ಚಿ ಕಾರನ್ನು ಎಳೆಯಲು ಶುರುಮಾಡುತ್ತದೆ, ಎಷ್ಟು ಸವೆದಿದೆ, ಇನ್ನೆಷ್ಟು ಕಾಲ ಬರುತ್ತದೆ ಎಂದು ನನ್ನ ಪಾದಕ್ಕೆ ಗೊತ್ತಾಗುತ್ತಿತ್ತು. ನೆಂಟರಿಷ್ಟರಲ್ಲಿ ಯಾರು ಹಳೇ ಕಾರು ಕೊಳ್ಳಹೊರಟರೂ ಮೊದಲು ನನ್ನನ್ನು ಕರೆಯುತ್ತಿದ್ದರು. "ನಮ್ಮಕ್ಕನ ಕಾಲ್ಗುಣ" ಎಂದು ತಮ್ಮ ಎಲ್ಲರೆದುರೂ ಕೊಚ್ಚಿಕೊಳ್ಳುತ್ತಿದ್ದ.

ಗೊತ್ತಾಗುತ್ತಿತ್ತು ಎಂದೆ. ಈಗ ಗೊತ್ತಾಗುವುದಿಲ್ಲ.

ಸುಮಾರು ಒಂದು ವರ್ಷದಿಂದ ಎಡಪಾದ ಮರಗಟ್ಟುತ್ತಾ ಬಂದಿದೆ. ಮೊದಲು ಬೆರಳುಗಳು, ಆಮೇಲೆ ಅಂಗಾಲು. ಒಂದೇ ಕಡೆಗೆ ತಿರುಗಿ, ಕಾಲನ್ನು ಎತ್ತಿ ಹಿಡಿದೇ ಕೂತು ಸೊಂಟದ ಮೂಳೆ ಸವೆದಿದೆ, ಅದು ನರವನ್ನು ಒತ್ತುತ್ತಿದೆ ಎಂದರು ಡಾಕ್ಟರು. "ಸವೆದಿದ್ದನ್ನ ಬದಲಾಯಿಸೋಕೆ ಬರಲ್ವಾ?" ಎಂದು ಕೇಳಿದೆ. ತಮಾಷೆ ಎಂದುಕೊಂಡು ಅವರು ನಕ್ಕರು. ಒಂದು ದಿನ ಎಡಗಾಲಿನ ಚಪ್ಪಲಿ ಬಾಗಿಲಲ್ಲೇ ಕಳಚಿಕೊಂಡದ್ದು ತಿಳಿಯದೆ ಅಂಗಡಿಯವರೆಗೂ ಹೋಗಿದ್ದೆ. ಅಂಗಡಿಯವನು ನಕ್ಕ, ನಾನೂ ನಕ್ಕೆ, ಮನೆಗೆ ಬಂದು ಕೂತು ಅತ್ತೆ.

ಯಾರಿಗೂ ಹೇಳಲಿಲ್ಲ. ಹೇಳಿದರೆ ಆ ದಿನವೇ ಸ್ಕೂಲ್ ಮುಚ್ಚಬೇಕು. ಮುಚ್ಚಿದ ಮೇಲೆ ಬೆಳಿಗ್ಗೆ ಎದ್ದು ನಾನು ಮಾಡುವುದೇನು? ಅದಕ್ಕೇ ಕಾಲಿನ ಕೆಲಸವನ್ನು ಕಿವಿಗೆ ಒಪ್ಪಿಸಿದ್ದೆ. ಕ್ಲಚ್ ಕಚ್ಚುವ ಹೊತ್ತಿಗೆ ಎಂಜಿನ್ನಿನ ದನಿ ಒಂದಿಷ್ಟು ಇಳಿಯುತ್ತದೆ. ನನ್ನ ಕಾರಿನ ಆ ದನಿ ನಿದ್ದೆಯಲ್ಲಿ ಕೇಳಿದರೂ ಗುರುತು ಹಿಡಿದೇನು. ಹಾಗೆ ದಿನ ದೂಡುತ್ತಿದ್ದೆ. ಆದರೆ ಹೋದ ವಾರ ತಿರುವಿನಲ್ಲಿ ಒಬ್ಬಾಕೆ ಗಾಬರಿಯಾಗಿ ಎಲ್ಲ ಬಿಟ್ಟು ಕೈ ಎತ್ತಿದಾಗ, ನಾನು ಕ್ಲಚ್ ಎಂದುಕೊಂಡು ಒತ್ತುತ್ತಿದ್ದದ್ದು ಪಕ್ಕದ ತಗಡನ್ನು. ಬಲಗಾಲು ಬ್ರೇಕ್ ಒತ್ತಿದ್ದರಿಂದ ಕಾರು ಗಕ್ಕೆಂದು ಆಫ್ ಆಗಿ ನಿಂತಿತು, ಬಚಾವಾದೆವು. "ಮೇಡಂ, ನೀವಿದ್ದಿದ್ದಕ್ಕೆ ಉಳ್ಕೊಂಡೆ" ಎಂದಳು ಆಕೆ.

ಇಂಥ ಕಾಲನ್ನು ಹೊತ್ತುಕೊಂಡು ತಮ್ಮನ ಜೊತೆ ಹೊರಟೆ. ಬೇಡ ಎಂದರೆ ಯಾಕೆ ಎನ್ನುತ್ತಾನೆ, ಅದಕ್ಕೆ ಉತ್ತರ ಹುಡುಕಲು ನನ್ನಲ್ಲಿ ತ್ರಾಣವಿರಲಿಲ್ಲ. ನನ್ನ ಸ್ಕೂಲ್ ಕಾರಿನಲ್ಲೇ ಹೋಗೋಣ ಎಂದ. ನೆತ್ತಿಯ ಮೇಲೆ ಬೋರ್ಡು ಹೊತ್ತ ಆ ಡಬ್ಬಿಯಲ್ಲಿ ಇಳಿದರೆ ಯಾರೂ ನಮ್ಮನ್ನು ಶ್ರೀಮಂತರು ಎಂದುಕೊಳ್ಳುವುದಿಲ್ಲ ಎಂಬ ಲೆಕ್ಕಾಚಾರ. ಅವನೇ ಓಡಿಸಿದ, ನಾನು ನನ್ನ ಮಾಮೂಲಿ ಜಾಗದಲ್ಲಿ ಕೂತೆ.

ಮೊದಲು ಹೋದದ್ದು ಶೋರೂಮಿಗೆ. ಅಲ್ಲಿದ್ದ ಕಾರಿಗೆ ಎರಡೇ ಪೆಡಲು. ಕ್ಲಚ್ ಒಳಗೆ ಇದೆಯಂತೆ, ಆದರೆ ಒತ್ತುವುದು ಕಂಪ್ಯೂಟರು. ಸ್ಟೀರಿಂಗಿನ ಹಿಂದಿರುವ ಕಿವಿಯಂಥ ಪಟ್ಟಿಯನ್ನು ಬೆರಳಲ್ಲಿ ಎಳೆದರೆ ಗೇರ್ ಬದಲಾಗುತ್ತದೆ. ಮಾರುವವನು ಒಂದು ಕಂಪ್ಯೂಟರ್ ಪರದೆ ತಂದು ಅದರ ವೈರನ್ನು ಕಾರಿಗೆ ಸಿಕ್ಕಿಸಿದ.

"ನೋಡಿ ಸರ್, ಕ್ಲಚ್ ಇನ್ನೂ ಅರ್ಧಕ್ಕಿಂತ ಜಾಸ್ತಿ ಉಳಿದಿದೆ. ಮಷೀನೇ ಹೇಳ್ತಿದೆ, ನಾನಲ್ಲ."

"ಟ್ರಾಫಿಕ್ಕಲ್ಲಿ ತೆವಳ್ಕೊಂಡು ಹೋದ್ರೆ? ಏರಲ್ಲಿ ರಿವರ್ಸ್ ಹಾಕಿದ್ರೆ?" ಎಂದೆ.

ಅವನು ಕೆಮ್ಮಿದ. "ಅದು... ಓಡಿಸೋರ ಮೇಲೆ ಇದೆ ಮೇಡಂ. ಕೆಲವ್ರು ವರ್ಷಗಟ್ಲೆ ಓಡಿಸ್ತಾರೆ, ಕೆಲವ್ರು ತಿಂಗಳಲ್ಲೇ ಸುಟ್ಕೊಂಡು ಬರ್ತಾರೆ."

ಇದನ್ನು ಹೇಳಲು ಪರದೆ ಬೇಕಿತ್ತೇ? ಹೊರಗೆ ಬಂದು ಕಾರು ಹತ್ತಿದ ಮೇಲೆ ತಮ್ಮ ಮೂಗು ಮುರಿದ. "ನಾನೇ ಒತ್ಬೇಕು, ನಾನೇ ಗೇರ್ ಹಾಕ್ಬೇಕು ಅಕ್ಕ. ಇಲ್ದಿದ್ರೆ ನಮ್ಮ ಲಿಫ್ಟೇ ಸಾಕಲ್ಲ, ಬಟನ್ ಒತ್ತಿ ಸುಮ್ನೆ ನಿಂತ್ಕೋಬಹುದು."

"ಆಗ ಕ್ಲಚ್ ಎಷ್ಟು ಉಳಿದಿದೆ ಅಂತ ಯಾವ ಪರದೆನೂ ಹೇಳಲ್ಲ ಪುಟ್ಟ."

"ಅದಕ್ಕೇ ತಾನೇ ನಿನ್ನ ಕಾಲು ಇರೋದು?" ಎಂದು ನಕ್ಕ. ನಾನು ಕಿಟಕಿಯ ಕಡೆ ಮುಖ ತಿರುಗಿಸಿದೆ.

ಎರಡನೆಯ ಕಾರು ಒಂದು ಮನೆಯಲ್ಲಿತ್ತು. ಗೇಟಿನ ಹೊರಗೆ ಏರು ರಸ್ತೆ, ಒಳಗೆ ಸಿಮೆಂಟಿನ ಅಂಗಳ, ಮೂಲೆಯಲ್ಲಿ ತಗಡಿನ ಶೆಡ್ಡು. ಮನೆಯಾಕೆ ನನ್ನ ವಯಸ್ಸಿನವರು. ಗಂಡ ತೀರಿಕೊಂಡು ವರ್ಷವಾಗುತ್ತಾ ಬಂದಿತ್ತು. ಹೊದಿಕೆಯನ್ನು ಅವರೇ ಒಂದು ಕಡೆಯಿಂದ ಮಡಚುತ್ತಾ ತೆಗೆದರು. ಕಡುನೀಲಿ ಬಣ್ಣದ ಕಾರು, ಒಂದು ಗೀರಿಲ್ಲ. ಒಳಗೆ ಮೂರು ಪೆಡಲು, ಗೇರಿನ ಕೋಲು ಓಡಾಡಲು ಹೊಳೆಯುವ ತಗಡಿನಲ್ಲಿ ಕೊರೆದ ದಾರಿ. ತಮ್ಮ ಕೋಲನ್ನು ಒಂದು ಸಲ ಸರಿಸಿದ, ಕಟಕ್ ಎಂದಿತು. ಅವನ ಮುಖ ನೋಡಿದರೆ ಇನ್ನು ಮಾತೇ ಬೇಕಿಲ್ಲ ಅನ್ನಿಸಿತು.

"ಕ್ಲಚ್ ಹೊಸದು ಹಾಕ್ಸಿದ್ದಾರೆ," ಎಂದರು ಮನೆಯಾಕೆ. "ಎಂಜಿನ್ ಎಲ್ಲಾ ಕೆಳಗಿಳಿಸಿ ಮಾಡೋ ಕೆಲಸವಂತೆ, ಎರಡು ದಿನ ಗ್ಯಾರೇಜಲ್ಲೇ ಇದ್ರು. ಮಾಡಿಸ್ಕೊಂಡು ಬಂದ ದಿನ, 'ಇನ್ನು ಯಾವಾಗ ಮಾರಿದ್ರೂ ನಿಂಗೆ ತೊಂದ್ರೆ ಇಲ್ಲ' ಅಂದ್ರು. ಆಗ್ಲೇ ಅವ್ರಿಗೆ ತಮ್ಮ ಕಾಯಿಲೆ ಗೊತ್ತಾಗಿತ್ತು. ಯಾವ ಗ್ಯಾರೇಜು ಅಂತ ನಾನು ಕೇಳ್ಲಿಲ್ಲ. ಅವ್ರ ಮಾತು ಬಿಟ್ರೆ ನನ್ನ ಹತ್ರ ಬೇರೇನಿಲ್ಲ."

"ಅದನ್ನ ನಮ್ಮಕ್ಕ ನೋಡ್ತಾಳೆ ಮೇಡಂ," ಎಂದ ತಮ್ಮ.

ಕಾರಿನೊಳಗೆ ನಾನು ಕೂತೆ ಎನ್ನುವುದಕ್ಕಿಂತ ಬಿದ್ದೆ. ತಮ್ಮ ಪಕ್ಕದಲ್ಲಿ ಕೂತ. ಕೀಲಿ ತಿರುಗಿಸಿದೆ. ಎಂಜಿನ್ ತಲೆಯ ಹಿಂದೆಯೇ ಅಬ್ಬರಿಸಿತು. ಇಷ್ಟು ಗದ್ದಲದಲ್ಲಿ ಯಾವ ದನಿ ಇಳಿಯುತ್ತದೆ, ಯಾವುದು ಏರುತ್ತದೆ ಎಂದು ನನ್ನ ಕಿವಿಗೆ ತಿಳಿಯುವುದಾದರೂ ಹೇಗೆ? ಪೆಡಲ್ ಒತ್ತಿದೆ. ಕಾಲು ಕೆಳಗೆ ಹೋದದ್ದನ್ನು ಕಣ್ಣಿಂದ ನೋಡಿ ಖಾತ್ರಿ ಮಾಡಿಕೊಂಡೆ. ಮೊದಲ ಗೇರ್ ಹಾಕಿ ಮೆಲ್ಲಗೆ ಬಿಡುತ್ತಾ ಬಂದೆ, ಅಂದರೆ ಮೆಲ್ಲಗೆ ಎಂದು ನಾನು ಅಂದುಕೊಂಡೆ. ಕಾರು ಮುಗ್ಗರಿಸಿ ಆಫ್ ಆಯಿತು. ಇನ್ನೊಮ್ಮೆ, ಮತ್ತದೇ. ಮೂರನೆಯ ಸಲ ಭಯಕ್ಕೆ ಜಾಸ್ತಿ ಆಕ್ಸಿಲರೇಟರ್ ಕೊಟ್ಟೆ, ಕ್ಲಚ್ಚನ್ನು ಅರ್ಧದಲ್ಲೇ ಹಿಡಿದು ಕೂತೆ. ಕಾರು ನಡುಗುತ್ತಾ ಗೇಟಿನವರೆಗೆ ತೆವಳಿತು. ಸುಟ್ಟ ವಾಸನೆ ಮೂಗಿಗೆ ಹೊಡೆಯಿತು. ಕಲಿಯಲು ಬಂದವರು ಮೊದಲ ದಿನ ಎಬ್ಬಿಸುವ ವಾಸನೆ ಅದು. ಅದಕ್ಕಾಗಿ ನಾನು ಎಷ್ಟು ಜನರನ್ನು ಬೈದಿಲ್ಲ!

"ಸಾಕು, ಆಫ್ ಮಾಡು," ಎಂದ ತಮ್ಮ. ಇಳಿದು ಮನೆಯಾಕೆಯ ಕಡೆ ನಡೆದ. ನಾನೂ ಬಾಗಿಲು ಹಿಡಿದು ಎದ್ದೆ.

"ಮೇಡಂ, ಬೇಜಾರು ಮಾಡ್ಕೋಬೇಡಿ. ಕ್ಲಚ್ ಹೋಗಿದೆ. ವಾಸನೆ ನಿಮಗೂ ಬಂತಲ್ಲ. ನಮ್ಮಕ್ಕನ ಕೈಲಿ ಕಾರು ಆಫ್ ಆಗಿದ್ದನ್ನ ನಾನು ಹುಟ್ಟಿದ್ಮೇಲೆ ನೋಡಿಲ್ಲ." ನನ್ನ ಕಡೆ ತಿರುಗಿದ. "ಅಲ್ವಾ ಅಕ್ಕ?"

ಹೂಂ ಎಂದೆ.

ಅಷ್ಟು ಸುಲಭವಾಗಿ ಬಾಯಿಂದ ಬಂತು. ನಿಜ ಹೇಳಬೇಕೆಂದರೆ ನನಗೆ ಸಾಕಾಗಿತ್ತು. ಮನೆಗೆ ಹೋಗಿ ಮಲಗಿದರೆ ಸಾಕು, ಕ್ಲಚ್ ಹೋದರೆ ಹೋಗಲಿ, ಕಾರಿಗೇನು ಮಾನ ಮರ್ಯಾದೆ ಇದೆಯೇ ಅನ್ನಿಸಿತ್ತು.

ಮನೆಯಾಕೆ ಜಗಳಕ್ಕೆ ಬಂದಿದ್ದರೆ ಚೆನ್ನಾಗಿತ್ತು. ಅವರು ಮಡಚಿದ ಹೊದಿಕೆಯನ್ನು ಎದೆಗೆ ಅವುಚಿಕೊಂಡು ಕಾರನ್ನೇ ನೋಡುತ್ತಾ ನಿಂತರು. "ಹಾಗಾದ್ರೆ ಹಾಕ್ಸೇ ಇಲ್ವಾ ಅವ್ರು?" ಎಂದರು. ನಮ್ಮನ್ನು ಕೇಳಿದ್ದಲ್ಲ. "ಆ ಎರಡು ದಿನ ಗ್ಯಾರೇಜಲ್ಲಿದ್ದೆ ಅಂದ್ರಲ್ಲ. ಮತ್ತೆ ಎಲ್ಲಿಗೆ ಹೋಗಿದ್ರು? ನನ್ನ ಹತ್ರ ಯಾಕೆ ಸುಳ್ಳು ಹೇಳ್ಬೇಕಿತ್ತು?"

ಸತ್ತ ಮನುಷ್ಯ ಎದ್ದು ಬಂದು ನಾನು ಸುಳ್ಳು ಹೇಳಿಲ್ಲ ಎನ್ನುವ ಹಾಗಿಲ್ಲ. ಈಕೆ ಇನ್ನು ಎಷ್ಟು ವರ್ಷ ಬದುಕುತ್ತಾರೋ ಅಷ್ಟೂ ವರ್ಷ ಆ ಎರಡು ದಿನಗಳನ್ನು ಕೆದಕುತ್ತಾ ಕೂರುತ್ತಾರೆ. ನನ್ನ ಒಂದು ಹೂಂ ಇಷ್ಟೆಲ್ಲ ಮಾಡಿತು.

"ಪುಟ್ಟ, ಕಾರಲ್ಲಿ ಕೂತ್ಕೋ. ನೀನು ಓಡ್ಸು," ಎಂದೆ.

"ಕ್ಲಚ್ ಹೋಗಿರೋ ಕಾರನ್ನ..."

"ಬಾಯಿ ಮುಚ್ಕೊಂಡು ಓಡ್ಸು ಅಂದೆ."

ಅಕ್ಕ ಗದರಿದರೆ ಅವನು ಈಗಲೂ ಏಳು ವರ್ಷದ ಹುಡುಗನೇ. ಕೂತ. ನಾನು ಪಕ್ಕದಲ್ಲಿ ಕೂತೆ. ಅವನ ಕಾಲಿಗೆ ಕಾರು ಒಂದೇ ಸಲಕ್ಕೆ ನುಣ್ಣಗೆ ಹೊರಟಿತು. ಅವನ ಹುಬ್ಬು ಮೇಲೇರಿತು. ಏರು ರಸ್ತೆಯಲ್ಲಿ ಮೇಲಿನ ಗೇರಿಗೆ ಹಾಕಿಸಿದೆ. "ವೇಗ ಕಮ್ಮಿ ಇರ್ಲಿ. ಈಗ ಆಕ್ಸಿಲರೇಟರ್ ಪೂರ್ತಿ ಒತ್ತು. ಎಂಜಿನ್ ಮಾತ್ರ ಕಿರುಚಿ ಕಾರು ಅಲ್ಲೇ ಇದ್ರೆ ಕ್ಲಚ್ ಜಾರ್ತಿದೆ ಅಂತ ಅರ್ಥ."

ಒತ್ತಿದ. ಎಂಜಿನ್ ಕಿರುಚಲಿಲ್ಲ, ಗುರುಗುಟ್ಟಿತು. ಆ ಏರಿನಲ್ಲೂ ಕಾರು ಒಂದು ಚೂರೂ ಜಾರದೆ ನಮ್ಮನ್ನು ಎಳೆದುಕೊಂಡು ಮೇಲೆ ಹೋಯಿತು. ಇನ್ನೊಮ್ಮೆ ಮಾಡಿಸಿದೆ, ಮತ್ತೆ ಹಾಗೆಯೇ. ಹೊಸ ಕ್ಲಚ್, ಅನುಮಾನವೇ ಇಲ್ಲ. ಸತ್ತವರು ನಿಜ ಹೇಳಿದ್ದರು.

ತಮ್ಮ ಕಾರನ್ನು ತಿರುಗಿಸಿ ಗೇಟಿನ ಹತ್ತಿರ ತಂದು ನಿಲ್ಲಿಸಿದ. ಮನೆಯಾಕೆ ಅಲ್ಲೇ ನಿಂತಿದ್ದರು.

"ಕ್ಲಚ್ ಚೆನ್ನಾಗೇ ಇದೆಯಲ್ಲ ಅಕ್ಕ," ಎಂದ ಇಳಿಯುತ್ತಾ. "ಮತ್ತೆ ನಿಂಗ್ಯಾಕೆ..."

"ಕ್ಲಚ್ ಹೋಗಿಲ್ಲ. ಹೋಗಿರೋದು ನನ್ನ ಕಾಲು." ಮನೆಯಾಕೆಯ ಮುಖ ನೋಡಿಯೇ ಹೇಳಿದೆ. ತಮ್ಮನ ಮುಖ ನೋಡುವ ಧೈರ್ಯ ಇರಲಿಲ್ಲ. "ನಿಮ್ಮ ಯಜಮಾನ್ರು ಸುಳ್ಳು ಹೇಳಿಲ್ಲಮ್ಮ. ಹಾಕ್ಸಿದ್ದಾರೆ. ಸುಳ್ಳು ಹೇಳಿದ್ದು ನಾನು. ನನ್ನ ಎಡಗಾಲಿಗೆ ಸ್ಪರ್ಶ ಇಲ್ಲ. ಒಂದು ವರ್ಷವಾಯ್ತು."

ಆಕೆ ಕಾರಿನ ಹತ್ತಿರ ಹೋಗಿ ಅದರ ನೆತ್ತಿಯ ಮೇಲೆ ಕೈಯಿಟ್ಟು ನಿಂತರು. ಆಮೇಲೆ, "ಒಳಗೆ ಬನ್ನಿ, ಕಾಫಿ ಮಾಡ್ತೀನಿ. ನಿಮ್ಮ ಮುಖ ಬೆವೆತಿದೆ," ಎಂದರು. ನನಗೆ ಅಲ್ಲಿ ಕೂರುವ ಶಕ್ತಿ ಇರಲಿಲ್ಲ, ಇನ್ನೊಂದು ದಿನ ಬರುತ್ತೇನೆ ಎಂದೆ.

"ಕಾರು ನಾನು ತಗೋತೀನಿ ಮೇಡಂ. ನಾಳೆ ಬರ್ತೀನಿ," ಎಂದ ತಮ್ಮ. ಅವನ ದನಿಯಲ್ಲಿ ಬೆಳಗಿನ ಹುರುಪು ಇರಲಿಲ್ಲ.

ನಮ್ಮ ಡಬ್ಬಿಯ ಹತ್ತಿರ ಬಂದೆವು. ಬೈಯುತ್ತಾನೆ ಎಂದು ಕಾದೆ. ಒಂದು ವರ್ಷ ನನ್ನಿಂದ ಮುಚ್ಚಿಟ್ಟೆಯಾ, ಆ ಜನರ ಜೀವದ ಜೊತೆ ಆಟ ಆಡಿದೆಯಾ ಎಂದು ಕೇಳಲಿ, ಕೇಳುವ ಹಕ್ಕು ಅವನಿಗಿದೆ. ಅವನು ಕೇಳಿದ್ದು ಒಂದೇ. "ನೋವಿದೆಯಾ?"

"ನೋವಿದ್ರೆ ಎಷ್ಟೋ ಚೆನ್ನಾಗಿತ್ತು. ಏನೂ ಇಲ್ಲ, ಅದೇ ತೊಂದ್ರೆ."

"ನಾಳೆ ಕ್ಲಾಸು?"

"ಯಾರಿಗೂ ಇಲ್ಲ. ಮನೆಗೆ ಹೋಗಿ ಎಲ್ಲರಿಗೂ ಫೋನ್ ಮಾಡ್ತೀನಿ." ಹೇಳಿಬಿಟ್ಟೆ. ಹೇಳಿದ ಮೇಲೆ ಗೇಟಿನ ಕಂಬಕ್ಕೆ ಒರಗಿಕೊಂಡೆ.

ಅವನು ನೆತ್ತಿಯ ಬೋರ್ಡನ್ನು ಒಮ್ಮೆ ನೋಡಿದ. ಆಮೇಲೆ ಓಡಿಸುವವರ ಬಾಗಿಲನ್ನು ತೆರೆದು ನನಗೆ ಹಿಡಿದ. "ಕೂತ್ಕೋ. ಮನೆವರೆಗೂ ನೀನೇ ಓಡ್ಸು."

"ಪುಟ್ಟ, ಈಗ ತಾನೇ ಹೇಳಿದ್ನಲ್ಲ..."

"ಸ್ಟೀರಿಂಗು, ಬ್ರೇಕು ನಿಂದು. ಕ್ಲಚ್ ನಾನು ನೋಡ್ಕೋತೀನಿ."

ಸುತ್ತಿ ಬಂದು ನನ್ನ ಜಾಗದಲ್ಲಿ ಕೂತ. ನನ್ನ ಸೀಟನ್ನು ಹಿಂದಕ್ಕೆ ತಳ್ಳಿ ತನ್ನ ಉದ್ದನೆಯ ಕಾಲನ್ನು ಎರಡನೆಯ ಕ್ಲಚ್ ಮೇಲಿಟ್ಟ. ನಾನು ಕೀಲಿ ತಿರುಗಿಸಿದೆ. ನನ್ನ ಹಳೇ ಎಂಜಿನ್ನಿನ ಪರಿಚಿತ ದನಿ. ಕೆಳಗೆ ನೋಡಿದೆ. ಪೆಡಲ್ ತಾನಾಗಿಯೇ ಇಳಿಯಿತು, ಅದರ ಮೇಲಿದ್ದ ನನ್ನ ಪಾದವೂ ಜೊತೆಗೆ ಇಳಿಯಿತು. ಇಷ್ಟು ವರ್ಷ ನನ್ನ ಪಕ್ಕ ಕೂತು ಕಲಿತವರ ಕಾಲ ಕೆಳಗೆ ಹೀಗೇ ಆಗುತ್ತಿತ್ತು. ಅವರಿಗೆ ಎಷ್ಟು ಧೈರ್ಯ ಬರುತ್ತಿತ್ತು ಎಂದು ನನಗೆ ಯಾವತ್ತೂ ಗೊತ್ತಾಗಿರಲಿಲ್ಲ.

ಮೊದಲ ಗೇರ್ ಹಾಕಿದೆ. ಎದುರಿನ ರಸ್ತೆ ಮಸುಕಾಯಿತು.

"ಬಿಡ್ಲಾ ಅಕ್ಕ?"

"ಸ್ವಲ್ಪ ಇರು," ಎಂದೆ.

ನಾನು ಸೆರಗಿನಿಂದ ಕಣ್ಣು ಒರೆಸಿಕೊಂಡು ಮುಗಿಸುವವರೆಗೂ ಅವನು ಕ್ಲಚ್ ಒತ್ತಿ ಹಿಡಿದೇ ಕೂತಿದ್ದ.